ಸುಪ್ರಭಾತ ಹೇಳುತ್ತಿರುವವರು ಯಾರು?

ಕ್ಯಾಸೆಟ್ಟು, ಸಿ.ಡಿ. ಎರಡನ್ನೂ ಹಾಕಬಹುದಾದ, ಮೇಲೊಂದು ಹಿಡಿ ಇರುವ ಸ್ಟೀರಿಯೊ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿದೆ. ಫ್ರಿಜ್ಜಿನ ಮೇಲೆ, ಷೋಕೇಸಿನ ಮೂಲೆಯಲ್ಲಿ, ಕೆಲವು ಕಡೆ ದೇವರಕೋಣೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ. ಬೆಳಗಿನ ಜಾವ ಯಾರೋ ಎದ್ದು ಗುಂಡಿ ಒತ್ತುತ್ತಾರೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಕಂಠದಲ್ಲಿ ವೆಂಕಟೇಶ ಸುಪ್ರಭಾತ ಶುರುವಾಗುತ್ತದೆ. ಹದಿನೈದನೇ ಶತಮಾನದಲ್ಲಿ ಪ್ರತಿವಾದಿ ಭಯಂಕರಂ ಅಣ್ಣನ್ ರಚಿಸಿದ ಸ್ತೋತ್ರ ಅದು. ಧ್ವನಿ 1963ರಲ್ಲಿ ಎಚ್.ಎಂ.ವಿ. ತಟ್ಟೆಯಾಗಿ ಬಂದದ್ದು. ಹಾಡಿದವರು 2004ರಲ್ಲಿ ತೀರಿಕೊಂಡರು. ಗುಂಡಿ ಒತ್ತಿದವರು ಹಾಲು ತರಲು ಹೋಗಿದ್ದಾರೆ. ಕೋಣೆಯಲ್ಲಿರುವುದು ಒಂದು ಮೋಟರು, ಒಂದು ರಬ್ಬರ್ ಬೆಲ್ಟು, ತಿರುಗುತ್ತಿರುವ ಎರಡು ಚಕ್ರ. ಹಾಗಾದರೆ ದೇವರನ್ನು ಎಬ್ಬಿಸುತ್ತಿರುವವರು ಯಾರು?

ಪ್ರಶ್ನೆಯ ಬೇರು ಹಳೆಯದು. ಜೈಮಿನಿಯ ಮೀಮಾಂಸಾಸೂತ್ರ ಮೊದಲ ಅಧ್ಯಾಯದಲ್ಲೇ ಇದರ ಬುಡಕ್ಕೆ ಕೈಹಾಕುತ್ತದೆ. ಶಬ್ದ ಹುಟ್ಟಿ ಸಾಯುವಂಥದ್ದೇ, ಯಾವಾಗಲೂ ಇರುವಂಥದ್ದೇ? ಎದುರಾಳಿಯ ಮಾತಿಗೆ ಅಲ್ಲಿ ಮೊದಲ ಮಣೆ. ಬಾಯಿ ತೆರೆದು ಪ್ರಯತ್ನಪಟ್ಟ ಮೇಲೆ ತಾನೇ ಶಬ್ದ ಕೇಳಿಸುವುದು? ಕೇಳಿಸಿದ ಮರುಗಳಿಗೆಗೆ ಅದು ಇರುವುದಿಲ್ಲ. ಜನರೂ ‘ಶಬ್ದ ಮಾಡಬೇಡಿ’ ಅನ್ನುತ್ತಾರೆ. ಮಾಡಿದ್ದು ನಿತ್ಯ ಹೇಗಾದೀತು? ಇದಕ್ಕೆ ಮೀಮಾಂಸಕರ ಉತ್ತರ: ಪ್ರಯತ್ನ ಶಬ್ದವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹೊರಗೆ ತೋರಿಸುತ್ತದೆ. ಭಾಷ್ಯಕಾರ ಶಬರಸ್ವಾಮಿಯ ನಿದರ್ಶನ ಸೊಗಸಾಗಿದೆ. ಒಬ್ಬ ‘ಗೋ’ ಎಂದು ಎಂಟು ಸಲ ಅಂದರೆ, ಕೇಳಿದವರು ‘ಗೋ ಶಬ್ದವನ್ನು ಎಂಟು ಸಲ ಹೇಳಿದ’ ಅನ್ನುತ್ತಾರೆ. ‘ಎಂಟು ಗೋ ಶಬ್ದಗಳನ್ನು ಹೇಳಿದ’ ಅನ್ನುವುದಿಲ್ಲ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಶಬ್ದ ಆಕಾಶದ ಗುಣ. ಹುಟ್ಟುತ್ತದೆ, ಅಲೆಯಿಂದ ಅಲೆ ಎದ್ದಂತೆ ಮುಂದಿನ ಶಬ್ದವನ್ನು ಹುಟ್ಟಿಸಿ ತಾನು ಅಳಿಯುತ್ತದೆ, ಕಿವಿಗೆ ಮುಟ್ಟುವುದು ಆ ಸಾಲಿನ ಕೊನೆಯದು. ಎರಡನೇ ಸಲದ ‘ಗೋ’ ಮೊದಲಿನದೇ ಅಂತ ಅನ್ನಿಸುವುದು ಹೋಲಿಕೆಯಿಂದ ಮಾತ್ರ.

ಈ ವಾದದ ಎರಡೂ ಪಕ್ಷಗಳು ಒಂದೇ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂತಿರುವುದನ್ನು ಸ್ಟೀರಿಯೊ ಬಿಚ್ಚಿ ನೋಡಿದವರು ಕಾಣಬಹುದು.

ಕ್ಯಾಸೆಟ್ಟಿನ ಕಡೆ ನ್ಯಾಯದರ್ಶನ ಇದೆ. ಫಿಲಿಪ್ಸ್ ಕಂಪನಿಯ ಲೌ ಒಟ್ಟೆನ್ಸ್ ಮತ್ತು ಅವರ ತಂಡ ರೂಪಿಸಿ, 1963ರ ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ ಹೊರಗಿಟ್ಟ ಈ ಸಾಧನದಲ್ಲಿ 3.81 ಮಿಲಿಮೀಟರ್ ಅಗಲದ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹೆಡ್ಡನ್ನು ಸವರಿಕೊಂಡು ಹೋಗುತ್ತದೆ. ರೀಲಿಗೆ ಮೆತ್ತಿರುವ ಕಬ್ಬಿಣದ ಆಕ್ಸೈಡಿನ ಕಾಂತತ್ವದ ಏರಿಳಿತ ಹೆಡ್ಡಿನಲ್ಲಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ, ಅದೇ ಬೆಳೆದು ಸ್ಪೀಕರಿನಲ್ಲಿ ದನಿಯಾಗುತ್ತದೆ. ಪ್ರತಿಸಲವೂ ಹೊಸದಾಗಿ ಹುಟ್ಟು. ಪ್ರತಿಸಲವೂ ಒಂದಿಷ್ಟು ಸವೆತ. ಇವತ್ತಿನ ಸುಪ್ರಭಾತ ನಿನ್ನೆಯದರ ಹಾಗಿದೆ, ಆದರೆ ನಿನ್ನೆಯದಲ್ಲ. ಹತ್ತು ವರ್ಷ ದಿನಾ ಹಾಕಿದ ಕ್ಯಾಸೆಟ್ಟನ್ನು ಕೇಳಿದರೆ ಯಾವ ನೈಯಾಯಿಕನೂ ಬಂದು ವಾದ ಮಾಡಬೇಕಿಲ್ಲ.

ಅದೇ ರೀಲು ಇನ್ನೊಂದು ವಿಚಿತ್ರವನ್ನೂ ಮಾಡುತ್ತದೆ. ವರ್ಷಗಟ್ಟಲೆ ಸುತ್ತಿಟ್ಟಾಗ ಒಂದು ಸುತ್ತಿನ ಕಾಂತತ್ವ ಮೇಲಿನ ಮತ್ತು ಕೆಳಗಿನ ಸುತ್ತಿಗೂ ಮಾಸಲಾಗಿ ಅಂಟಿಕೊಳ್ಳುತ್ತದೆ. ಹಾಡು ಶುರುವಾಗುವ ಮೊದಲಿನ ಮೌನದಲ್ಲಿ ಅದೇ ಹಾಡಿನ ಮೊದಲ ಸಾಲು ದೂರದಿಂದೆಂಬಂತೆ ಕೇಳಿಸುತ್ತದೆ, ನಿಜವಾದ ದನಿ ಎರಡು ಮೂರು ಸೆಕೆಂಡು ಬಿಟ್ಟು ಬರುತ್ತದೆ. ಆಗಾಗ ಒಮ್ಮೆ ಕ್ಯಾಸೆಟ್ಟನ್ನು ಪೂರ್ತಿ ಓಡಿಸಿ ಸುತ್ತಿಟ್ಟರೆ ಇದು ಕಡಿಮೆಯಾಗುತ್ತದೆ.

ಸಿ.ಡಿ. ಮೀಮಾಂಸಕರ ಪಕ್ಷ. ಫಿಲಿಪ್ಸ್ ಮತ್ತು ಸೋನಿ ಜತೆಗೂಡಿ ತಂದ, 1982ರಲ್ಲಿ ಜಪಾನಿನಲ್ಲಿ ಮಾರಾಟ ಶುರುವಾದ ಈ ತಟ್ಟೆಯಲ್ಲಿ ದನಿ ಅಂಕಿಗಳ ರೂಪದಲ್ಲಿದೆ. ಪ್ರತಿ ಸೆಕೆಂಡಿಗೆ ಎಡಕ್ಕೆ 44,100, ಬಲಕ್ಕೆ 44,100 ಅಳತೆಗಳು. ಲೇಸರ್ ಬೆಳಕು ಅವನ್ನು ಮುಟ್ಟದೆ ಓದುತ್ತದೆ. ಓದಿನಿಂದ ತಟ್ಟೆ ಸವೆಯುವುದಿಲ್ಲ. ಮೊದಲ ಸಲ ಓದಿದ ಅಂಕಿಯೇ ಸಾವಿರದ ಸಲವೂ. ಸ್ಪೀಕರಿನಲ್ಲಿ ಎದ್ದ ದನಿ ಅಳಿದರೂ ಅದು ಯಾವುದನ್ನು ತೋರಿಸಿತೋ ಅದು ಅಲ್ಲೇ ಇದೆ. ಎಂಟು ಸಲ ಹಾಕಿದರೆ ‘ಸುಪ್ರಭಾತವನ್ನು ಎಂಟು ಸಲ ಹಾಕಿದರು’ ಎನ್ನುವುದು ಇಲ್ಲಿ ಅಕ್ಷರಶಃ ಸರಿ.

ಆದರೆ ಮೀಮಾಂಸಕರು ವೇದದ ನಿತ್ಯತ್ವವನ್ನು ಯಾವ ತಟ್ಟೆಗೂ ತಾಳೆಗರಿಗೂ ಒಪ್ಪಿಸಿರಲಿಲ್ಲ ಎನ್ನುವುದನ್ನು ಇಲ್ಲಿ ನೆನೆಯಬೇಕು. ಅವರು ನಂಬಿದ್ದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಕಡಿಯದೆ ಬಂದ ಸಾಲನ್ನು. ಆ ಸಾಲಿನಲ್ಲಿ ತಪ್ಪು ನುಸುಳದಂತೆ ಕಾಯಲು ಪದ, ಕ್ರಮ, ಜಟಾ, ಘನ ಎಂಬ ಪಾಠಕ್ರಮಗಳು ಬೆಳೆದವು. ಘನಪಾಠದಲ್ಲಿ ಪದಗಳು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂದು ಹಿಂದೆ ಮುಂದೆ ಹೆಣೆದುಕೊಳ್ಳುತ್ತವೆ. ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ. ಸಿ.ಡಿ.ಯನ್ನು ರೂಪಿಸಿದ ಎಂಜಿನಿಯರುಗಳು ಬೇರೆ ದಾರಿಯಿಂದ ಹತ್ತಿರದ ಜಾಗಕ್ಕೇ ಬಂದರು. ಅಕ್ಕಪಕ್ಕದ ಅಂಕಿಗಳನ್ನು ತಟ್ಟೆಯ ಮೇಲೆ ಅಕ್ಕಪಕ್ಕ ಬರೆಯದೆ ದೂರ ದೂರ ಚದುರಿಸಿ, ಜತೆಗೆ ತಾಳೆ ನೋಡುವ ಅಂಕಿಗಳನ್ನು ಸೇರಿಸಿದರು. ಹಾಗಾಗಿ ಸುಮಾರು 2.5 ಮಿಲಿಮೀಟರ್ ಉದ್ದದ ಗೀರು ಬಿದ್ದರೂ ಕಳೆದುಹೋದದ್ದನ್ನು ಲೆಕ್ಕ ಹಾಕಿ ಪೂರ್ತಿಯಾಗಿ ಮರಳಿ ಪಡೆಯಬಹುದು.

ಅದಕ್ಕಿಂತ ದೊಡ್ಡ ಗೀರಾದರೆ? ಅಲ್ಲಿ ಎರಡರ ದಾರಿ ಬೇರೆಯಾಗುತ್ತದೆ. ಯಂತ್ರ ಹಿಂದಿನ ಅಂಕಿ, ಮುಂದಿನ ಅಂಕಿ ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ. ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಘನಪಾಠಿ ಹಾಗೆ ಮಾಡುವುದಿಲ್ಲ. ತಪ್ಪಿದರೆ ನಿಲ್ಲಿಸುತ್ತಾನೆ, ಜತೆಗಿದ್ದವರು ತಿದ್ದುತ್ತಾರೆ, ಹಿಂದಿನಿಂದ ಮತ್ತೆ ಹೇಳುತ್ತಾನೆ. ಪವಿತ್ರ ಪಾಠವೊಂದರ ವಿಷಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಗೀರು ಬಿದ್ದ ಸಿ.ಡಿ. ನುಣ್ಣಗೆ ಹಾಡುವಾಗ ಅದರಲ್ಲಿ ಎಷ್ಟು ಪಾಠ, ಎಷ್ಟು ಊಹೆ ಎಂದು ಹೇಳುವವರಿಲ್ಲ. ಆದ್ದರಿಂದ ತಟ್ಟೆಯನ್ನು ಕಾಪಾಡುವುದೇ ಉಪಾಯ: ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಗುಂಡಗೆ ಉಜ್ಜಬಾರದು. ಗುಂಡಗಿನ ಗೀರು ಲೇಸರ್ ಓದುವ ಸಾಲಿನ ಉದ್ದಕ್ಕೂ ಹರಡಿ ಚದುರಿಸಿಟ್ಟ ಅಂಕಿಗಳನ್ನೂ ಒಟ್ಟಿಗೆ ನುಂಗುತ್ತದೆ. ಹೆಸರು ಬರೆದಿರುವ ಮೇಲ್ಮೈ ಗಟ್ಟಿ ಎಂದು ನಂಬುವವರು ಬಹಳ. ನಿಜಕ್ಕೂ ಅದೇ ನಾಜೂಕು. ಅಲ್ಯೂಮಿನಿಯಂ ಪದರ ಆ ಕಡೆ ತೆಳುವಾದ ಅರಗಿನ ಹೊದಿಕೆಯ ಕೆಳಗೇ ಇದೆ. ಬಾಲ್‌ಪೆನ್ನಿನಲ್ಲಿ ಒತ್ತಿ ‘ವಿಷ್ಣು ಸಹಸ್ರನಾಮ’ ಎಂದು ಬರೆದರೆ ಆ ನಾಮಗಳಿಗೇ ಏಟು.

ಕ್ಯಾಸೆಟ್ಟಿನ ತಪ್ಪುಗಳು ಬಚ್ಚಿಟ್ಟುಕೊಳ್ಳುವುದಿಲ್ಲ, ಮತ್ತು ಅವು ಸ್ವರಶಾಸ್ತ್ರದವರಿಗೆ ಪಾಠ ಹೇಳುವಂತಿವೆ. ವೇದಮಂತ್ರದಲ್ಲಿ ಸ್ವರ ತಪ್ಪಿದರೆ ಅರ್ಥವೇ ತಿರುಗುತ್ತದೆ ಎನ್ನುವುದಕ್ಕೆ ಇಂದ್ರಶತ್ರುವಿನ ಕಥೆ ಇದೆ: ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ತ್ವಷ್ಟೃ ಹೇಳಿದ ಮಂತ್ರದ ಸ್ವರ ತಪ್ಪಿ, ಇಂದ್ರನಿಂದಲೇ ಸಾಯುವ ಮಗ ಹುಟ್ಟಿದ. ಪತಂಜಲಿಯ ಮಹಾಭಾಷ್ಯ ಇದನ್ನು ವ್ಯಾಕರಣ ಕಲಿಯಲು ಕಾರಣವಾಗಿ ಎತ್ತಿಕೊಳ್ಳುತ್ತದೆ. ಈಗ ಸ್ಟೀರಿಯೊದ ಬೆಲ್ಟು ಸಡಿಲವಾಯಿತು ಅಂದುಕೊಳ್ಳಿ. ವೇಗ ನೂರಕ್ಕೆ ಆರರಷ್ಟು ಇಳಿದರೆ ಶ್ರುತಿ ಅರ್ಧ ಸ್ವರ ಕೆಳಗೆ ಬರುತ್ತದೆ. ರುದ್ರ ಹೇಳುವ ದನಿ ಭಾರವಾಗಿ ಕೇಳಿಸುತ್ತದೆ, ಆದರೆ ಉದಾತ್ತ, ಅನುದಾತ್ತ, ಸ್ವರಿತ ಎಂಬ ವೇದಸ್ವರಗಳ ನಡುವಿನ ಅಂತರ ಹಾಗೇ ಇದೆ, ಏಕೆಂದರೆ ಎಲ್ಲವೂ ಒಟ್ಟಿಗೆ ಇಳಿದಿವೆ. ಮಂತ್ರ ಕೆಟ್ಟಿಲ್ಲ. ರೀಲನ್ನು ಒತ್ತಿ ಹಿಡಿಯುವ ರಬ್ಬರ್ ಚಕ್ರ ಗಟ್ಟಿಯಾಗಿ ಜಾರತೊಡಗಿದರೆ ಕಥೆ ಬೇರೆ. ದನಿ ಏರಿಳಿಯುತ್ತದೆ, ಇಲ್ಲದ ಕಡೆ ಸ್ವರಿತ ಹುಟ್ಟುತ್ತದೆ. ಇಂಥ ಕ್ಯಾಸೆಟ್ಟಿನಿಂದ ಮಂತ್ರ ಕಲಿಯಲು ಹೊರಟವರು ಯಂತ್ರದ ರೋಗವನ್ನು ಸ್ವರವೆಂದು ಕಲಿಯುತ್ತಾರೆ.

ಹೆಡ್ಡಿನ ಮೇಲೆ ಕೊಳೆ ಕೂತರೆ ಮೊದಲು ಮಾಯವಾಗುವುದು ಮೇಲಿನ ಕಂಪನಗಳು. ಕನ್ನಡದ ಕಿವಿಗೆ ಅದು ಶ, ಷ, ಸಗಳ ಅಂಚು ಮೊಂಡಾದಂತೆ ಕೇಳಿಸುತ್ತದೆ. ಇದಕ್ಕೆ ಮದ್ದು ಸುಲಭ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಹೆಡ್ಡನ್ನೂ, ಕ್ಯಾಪ್‌ಸ್ಟನ್ ಎಂಬ ಉಕ್ಕಿನ ಕಡ್ಡಿಯನ್ನೂ ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸುವುದು, ಒಣಗಲು ಬಿಡುವುದು. ರಬ್ಬರ್ ಚಕ್ರಕ್ಕೆ ಆಲ್ಕೋಹಾಲ್ ಹಾಕಿದರೆ ಅದು ಒಣಗಿ ಬಿರಿಯಬಹುದು; ಸ್ವಲ್ಪ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆ ಸಾಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್ ಅಂಟಾಗಿ ಉಳಿಯುತ್ತದೆ. ಬೆಲ್ಟು ಕರಗಿ ಕರಿ ಅಂಟಾಗಿದ್ದರೆ ಅಳತೆ ನೋಡಿ ಹೊಸದು ಹಾಕಿಸಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಬೇಕಾದ ವಸ್ತು ಅದು. ಕರೆಂಟಿನಲ್ಲೇ ಓಡಿಸುವವರು ಒಳಗಿನ ಸೆಲ್ಲುಗಳನ್ನು ತೆಗೆದಿಡಲಿ, ಸೋರಿ ಸ್ಪ್ರಿಂಗು ತಿನ್ನುತ್ತವೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ರೀಲಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಅದನ್ನು ಹಾಕಲೇಬಾರದು. ಹೆಡ್ಡಿನ ಮೂಲಕ ಬೇರೆ ಕ್ಯಾಸೆಟ್ಟುಗಳಿಗೂ ಅದು ದಾಟುತ್ತದೆ.

ಇಷ್ಟೆಲ್ಲ ಮಾಡಿ ಶುದ್ಧವಾಗಿ ಹಾಡಿಸಿದ ಮೇಲೂ ಮೊದಲ ಪ್ರಶ್ನೆ ಹಾಗೇ ನಿಂತಿದೆ. ಪಾಠ ಶುದ್ಧ, ಸ್ವರ ಶುದ್ಧ. ಪ್ರಾರ್ಥನೆ ಮಾಡಿದವರು ಯಾರು?

ಪಾಣಿನೀಯ ಶಿಕ್ಷೆ ಆರು ಬಗೆಯ ಅಧಮ ಪಾಠಕರನ್ನು ಎಣಿಸುತ್ತದೆ. ಅದರಲ್ಲಿ ಬರೆದದ್ದನ್ನು ನೋಡಿ ಓದುವವನೂ ಇದ್ದಾನೆ, ಅರ್ಥ ತಿಳಿಯದೆ ಹೇಳುವವನೂ ಇದ್ದಾನೆ. ಸ್ಟೀರಿಯೊ ಎರಡೂ ಲೆಕ್ಕಕ್ಕೆ ಬರುತ್ತದೆ. ಆದರೆ ಯಂತ್ರದ ಪರ ಒಂದು ವಾದ ಮೀಮಾಂಸೆಯಲ್ಲೇ ಸಿಗುತ್ತದೆ. ಯಜ್ಞದಲ್ಲಿ ಮಂತ್ರ ಹೇಳುವವರು ಋತ್ವಿಜರು; ಸಂಕಲ್ಪ ಮಾಡಿ ದಕ್ಷಿಣೆ ಕೊಡುವ ಯಜಮಾನನಿಗೆ ಫಲ. ಬೇರೆಯವರ ಬಾಯಿಂದ ಹೇಳಿಸುವುದು ಹಾಗಾದರೆ ಹೊಸ ಚಾಳಿಯಲ್ಲ. ಗುಂಡಿ ಒತ್ತಿದ ಗೃಹಿಣಿಯೇ ಯಜಮಾನಿ, ಸ್ಟೀರಿಯೊ ಅವಳ ಋತ್ವಿಜ ಎಂದು ಯಾರಾದರೂ ವಾದಿಸಿದರೆ ತಳ್ಳಿಹಾಕುವುದು ಸುಲಭವಲ್ಲ. ವಾದ ಕುಸಿಯುವುದು ಒಂದೇ ಕಡೆ. ಋತ್ವಿಜ ಒಪ್ಪಿಕೊಂಡು ಬಂದವನು, ತಪ್ಪಿದರೆ ಪ್ರಾಯಶ್ಚಿತ್ತ ಮಾಡಬೇಕಾದವನು. ಯಂತ್ರಕ್ಕೆ ಒಪ್ಪಿಗೆಯೂ ಇಲ್ಲ, ಹೊಣೆಯೂ ಇಲ್ಲ.

ಬಸವಣ್ಣನವರಂತೂ ಈ ವಕಾಲತ್ತನ್ನೇ ಒಪ್ಪಲಿಲ್ಲ. ತನ್ನ ಲಿಂಗಕ್ಕೆ ಮಾಡಬೇಕಾದ ನಿತ್ಯನೇಮವನ್ನು ಇನ್ನೊಬ್ಬರ ಕೈಲಿ ಮಾಡಿಸುವುದನ್ನು ಅವರು ನೇರವಾಗಿ ಅಲ್ಲಗಳೆದರು. ಅವರ ಅಳತೆಗೆ ಸ್ಟೀರಿಯೊ ಒಂದೇ ಅಲ್ಲ, ಋತ್ವಿಜನೂ ನಿಲ್ಲುವುದಿಲ್ಲ.

ಇಸ್ಲಾಮಿನ ನ್ಯಾಯಶಾಸ್ತ್ರಜ್ಞರು ಈ ವಿಷಯದಲ್ಲಿ ತೋರಿದ ಸೂಕ್ಷ್ಮ ಬೆರಗು ಹುಟ್ಟಿಸುವಂಥದ್ದು. ಕುರಾನಿನ ಕೆಲವು ಆಯತ್‌ಗಳನ್ನು ಕೇಳಿದವರು ಸಜ್ದಾ, ಎಂದರೆ ನೆಲಕ್ಕೆ ಹಣೆ ಮುಟ್ಟಿಸುವ ನಮಸ್ಕಾರ, ಮಾಡಬೇಕು. ಗಿಳಿಯೊಂದು ಆ ಆಯತ್ ಹೇಳಿದರೆ? ಬೆಟ್ಟದಿಂದ ಪ್ರತಿಧ್ವನಿ ಬಂದರೆ? ಹನಫಿ ಗ್ರಂಥಗಳು, ಟೇಪು ಹುಟ್ಟುವ ಶತಮಾನಗಳ ಮೊದಲೇ, ಅಲ್ಲಿ ಸಜ್ದಾ ಕಡ್ಡಾಯವಲ್ಲ ಎಂದಿವೆ. ಓದುವವನಿಗೆ ಅರಿವಿರಬೇಕು ಎನ್ನುವುದು ಆ ತೀರ್ಮಾನದ ಹಿಂದಿನ ಯೋಚನೆ. ರೆಕಾರ್ಡ್ ಆದ ಪಠಣಕ್ಕೂ ಎಷ್ಟೋ ವಿದ್ವಾಂಸರು ಇದನ್ನೇ ಅನ್ವಯಿಸಿದರು. ಹಾಗೆಂದು ಯಂತ್ರವನ್ನು ಹೊರಗಿಡಲೂ ಇಲ್ಲ. 1960ರ ದಶಕದ ಆರಂಭದಲ್ಲಿ ಈಜಿಪ್ಟಿನಲ್ಲಿ ಲಬೀಬ್ ಅಲ್-ಸಯೀದ್ ಅವರ ಪ್ರಯತ್ನದಿಂದ ಮಹಮೂದ್ ಖಲೀಲ್ ಅಲ್-ಹುಸರಿಯವರ ದನಿಯಲ್ಲಿ ಇಡೀ ಕುರಾನ್ ರೆಕಾರ್ಡ್ ಆಯಿತು. ಬಾಯಿಂದ ಕಿವಿಗೆ ಬರಬೇಕಾದ ಸರಿಯಾದ ಪಠಣ ದೂರದವರಿಗೂ ಸಿಗಲಿ ಎಂಬುದು ಉದ್ದೇಶ. ಮುಂದೆ ಕೈರೋದ ಟ್ಯಾಕ್ಸಿಗಳಲ್ಲಿ, ಅಂಗಡಿಗಳಲ್ಲಿ ಕ್ಯಾಸೆಟ್ ಪ್ರವಚನಗಳನ್ನು ಕೇಳುವುದು ಮನಸ್ಸನ್ನು ಹದಮಾಡಿಕೊಳ್ಳುವ ಅಭ್ಯಾಸವೇ ಆಗಿದ್ದನ್ನು ಮಾನವಶಾಸ್ತ್ರಜ್ಞ ಚಾರ್ಲ್ಸ್ ಹರ್ಷ್‌ಕೈಂಡ್ 2006ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ.

ಇದಕ್ಕೆ ತೀರ ಎದುರಿನ ನಿಲುವು ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲೇ ಕಾಣಸಿಗುತ್ತದೆ. ಅಲ್ಲಿನ ಟಿಬೆಟನ್ನರ ಪ್ರಾರ್ಥನಾಚಕ್ರಗಳ ಒಳಗೆ ಮಂತ್ರ ಬರೆದ ಕಾಗದದ ಸುರುಳಿ ಇದೆ. ಚಕ್ರ ತಿರುಗಿದರೆ ಮಂತ್ರ ಹೇಳಿದ ಪುಣ್ಯ. ಆ ಪರಂಪರೆಯಲ್ಲಿ ನೀರಿನಿಂದ, ಗಾಳಿಯಿಂದ, ದೀಪದ ಬಿಸಿಯಿಂದ ತಿರುಗುವ ಚಕ್ರಗಳೂ ಇವೆ. ಕೇಳಿಸಿಕೊಳ್ಳುವವರೇ ಬೇಕಿಲ್ಲ, ದನಿಯೂ ಬೇಕಿಲ್ಲ. ಆದರೆ ಅಲ್ಲಿಯೂ ಚಕ್ರ ತಿರುಗಿಸುವವರಿಗೆ ಮನಸ್ಸು ಸಕಲ ಜೀವಿಗಳ ಕಡೆ ಇರಲಿ ಎಂದೇ ಗುರುಗಳು ಹೇಳಿಕೊಡುವುದು.

ಇವೆಲ್ಲವನ್ನೂ ಎದುರಿಗಿಟ್ಟುಕೊಂಡರೆ ಒಂದು ತೀರ್ಮಾನಕ್ಕೆ ಬರಬಹುದು. ಭಾಗವತದ ಏಳನೇ ಸ್ಕಂಧದಲ್ಲಿ ಪ್ರಹ್ಲಾದ ಹೇಳುವ ಒಂಬತ್ತು ಭಕ್ತಿಗಳಲ್ಲಿ ಮೊದಲನೆಯದು ಶ್ರವಣ, ಎರಡನೆಯದು ಕೀರ್ತನ. ಸ್ಟೀರಿಯೊ ಕೀರ್ತನ ಮಾಡಲಾರದು. 1963ರಲ್ಲಿ ಹಾಡಿದವರ ಕೀರ್ತನ ಅಂದೇ ಮುಗಿಯಿತು, ಅದು ಅವರದು. ಅದರ ಗೌರವಧನವನ್ನು ಅವರು ತಿರುಮಲ ತಿರುಪತಿ ದೇವಸ್ಥಾನದ ವೇದಪಾಠಶಾಲೆಗೆ ಬಿಟ್ಟುಕೊಟ್ಟದ್ದೂ ಅದಕ್ಕೆ ಸೇರಿದ್ದು. ಇಂದು ಮನೆಯಲ್ಲಿ ನಡೆಯಬಹುದಾದದ್ದು ಶ್ರವಣ. ಅದು ನಡೆಯಬೇಕಾದರೆ ಕೇಳುವವರು ಬೇಕು. ಹಾಲು ತರಲು ಹೋದವರು ಹಿಂದಿರುಗಿ ಬಂದು ಕೂತರೆ, ಅಥವಾ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಲೇ ಮುಂದಿನ ಶ್ಲೋಕಕ್ಕೆ ಕಿವಿಗೊಟ್ಟರೆ, ಭಕ್ತಿ ಅಲ್ಲಿದೆ. ಯಾರೂ ಇಲ್ಲದ ಕೋಣೆಯಲ್ಲಿ ರಿಪೀಟ್ ಗುಂಡಿ ಒತ್ತಿಬಿಟ್ಟ ಸಿ.ಡಿ. ಮಧ್ಯಾಹ್ನದವರೆಗೆ ಸಹಸ್ರನಾಮ ಹೇಳುತ್ತಿದ್ದರೆ ಅಲ್ಲಿರುವುದು ಆಕಾಶದ ಗುಣ ಮಾತ್ರ. ಈ ಒಂದು ವಿಷಯದಲ್ಲಿ ಕ್ಯಾಸೆಟ್ಟು ಸಿ.ಡಿ.ಗಿಂತ ಮೇಲು: ಅರವತ್ತು ನಿಮಿಷದ ಕ್ಯಾಸೆಟ್ಟು ಅರ್ಧ ಗಂಟೆಗೊಮ್ಮೆ ಟಕ್ಕೆಂದು ನಿಂತು, ಯಾರಾದರೂ ಬಂದು ಮಗ್ಗುಲು ತಿರುಗಿಸಲಿ ಎಂದು ಕಾಯುತ್ತದೆ.

ಆದರೆ ಹಾಸಿಗೆ ಹಿಡಿದವರ ಪಕ್ಕದಲ್ಲಿ ಹಗಲೂ ರಾತ್ರಿ ಸಣ್ಣ ದನಿಯಲ್ಲಿ ನಾಮಸ್ಮರಣೆ ಹಚ್ಚಿಡುವ ಮನೆಗಳಿವೆ. ಕೇಳುತ್ತಿದ್ದಾರೋ ಇಲ್ಲವೋ ತಿಳಿಯದ ಸ್ಥಿತಿ. ಅಲ್ಲಿ ರಿಪೀಟ್ ಗುಂಡಿಯನ್ನು ಯಾರೂ ಆಕ್ಷೇಪಿಸಬಾರದು. ಹಗಲೆಲ್ಲ ಆರೈಕೆ ಮಾಡಿ ದಣಿದ ಮಗಳು ತಾನು ನಿದ್ದೆ ಹೋದಾಗಲೂ ಅಮ್ಮನ ಕಿವಿಗೆ ದನಿ ಬೀಳುತ್ತಿರಲಿ ಎಂದು ಮಾಡಿದ ಏರ್ಪಾಡು ಅದು. ಸಂಕಲ್ಪ ಪೂರ್ತಿ ಅವಳದು, ಮತ್ತು ಯಾವ ಯಜಮಾನನ ಸಂಕಲ್ಪಕ್ಕೂ ಅದು ಕಡಿಮೆಯಲ್ಲ.

ದೇವರಕೋಣೆಯೊಳಗೆ ಸ್ಟೀರಿಯೊ ಇಡುವುದರ ಬಗ್ಗೆ ಒಂದು ಮಾತು. ಊದುಬತ್ತಿಯ ಹೊಗೆ, ಕರ್ಪೂರದ ಮಸಿ, ದೀಪದ ಎಣ್ಣೆಯ ಜಿಡ್ಡು ಲೇಸರಿನ ಪುಟ್ಟ ಲೆನ್ಸಿನ ಮೇಲೆ ಪೊರೆಯಾಗಿ ಕೂರುತ್ತವೆ. ಕೆಲವೇ ತಿಂಗಳಲ್ಲಿ ‘ಡಿಸ್ಕ್ ಇಲ್ಲ’ ಎಂದು ಯಂತ್ರ ಹೇಳತೊಡಗಿದರೆ ಎಷ್ಟೋ ಸಲ ಕಾರಣ ಇಷ್ಟೇ. ಹೊರಗೆ, ಬಾಗಿಲಿನಿಂದ ಎರಡು ಮಾರು ದೂರ ಇಡುವುದು ಒಳ್ಳೆಯದು. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಹಚ್ಚುವ ಪದ್ಧತಿ ಕೆಲವು ಮನೆಗಳಲ್ಲಿದೆ. ಹಿಡಿಗೆ ಹಚ್ಚಲಿ, ಕ್ಯಾಸೆಟ್ಟಿನ ಬಾಗಿಲಿಗೆ ಬೇಡ. ಪುಡಿ ಒಳಗೆ ಬಿದ್ದರೆ ರೀಲಿಗೂ ಹೆಡ್ಡಿಗೂ ಉಪ್ಪುಕಾಗದ. ನವಮಿಯ ಮುಂಚಿನ ದಿನ ಹೆಡ್ಡು ಒರೆಸಿ, ಲೆನ್ಸಿನ ಧೂಳು ಊದಿ, ಸೆಲ್ಲಿನ ಗೂಡು ನೋಡಿದವರು ಪೂಜೆಯ ಮುಖ್ಯ ಭಾಗವನ್ನು ಆಗಲೇ ಮಾಡಿದ್ದಾರೆ.

ಅಂಗಡಿಯಲ್ಲಿ ಕೊಂಡ ಸುಪ್ರಭಾತ ಹಾಳಾದರೆ ಇನ್ನೊಂದು ಸಿಕ್ಕೀತು. ಮನೆಯಲ್ಲೇ ರೆಕಾರ್ಡ್ ಮಾಡಿದ್ದು ಸಿಗುವುದಿಲ್ಲ. ಅಜ್ಜಿ ಹೇಳಿದ ಹಸೆಯ ಹಾಡು, ತಾತನ ರುದ್ರಪಠಣ, ಉರುಸಿನ ರಾತ್ರಿಯ ಖವ್ವಾಲಿ, ಕರಾವಳಿಯ ಚರ್ಚಿನಲ್ಲಿ ಹಾಡಿದ ಕೊಂಕಣಿ ಭಕ್ತಿಗೀತೆ: ಇಂಥವು ಒಂದೊಂದೇ ಪ್ರತಿಯಲ್ಲಿ ಬೀರುಗಳಲ್ಲಿ ಬಿದ್ದಿವೆ. ನೈಯಾಯಿಕರು ಹೇಳಿದ ಅಳಿವು ಇವುಗಳ ಪಾಲಿಗೆ ದಿನದಿನವೂ ನಿಜ. ಇವನ್ನು ಹಾಕುವ ಮೊದಲು ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿಯಬೇಕು. ರೀಲು ಕಾಣುವ ಬಾಯಿ ಕೆಳಗಿರುವಂತೆ ಹಿಡಿದರೆ ಎಡಗಡೆಯ ಚೂರು ಎದುರಿಗಿರುವ ಮಗ್ಗುಲಿನದು. ಮುರಿದ ಮೇಲೆ ಯಾರೂ ಮೈಮರೆತು ಅದರ ಮೇಲೆ ಬೇರೇನೋ ರೆಕಾರ್ಡ್ ಮಾಡಲಾಗುವುದಿಲ್ಲ. ಆಮೇಲೆ ಹೆಡ್ಡು ಒರೆಸಿ, ಬೇರೊಂದು ಕ್ಯಾಸೆಟ್ಟು ಹಾಕಿ ಯಂತ್ರ ರೀಲು ತಿನ್ನುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೆಡ್‌ಫೋನಿನ ತೂತಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಒಂದೇ ಓಟದಲ್ಲಿ ಪ್ರತಿ ಮಾಡಿಕೊಳ್ಳಬೇಕು. ನಡುವಿನ ಕೆಮ್ಮು, ಮಗುವಿನ ಅಳು, ‘ಆಯ್ತಾ, ಹೇಳ್ಲಾ?’ ಎಂಬ ಮಾತು ಯಾವುದನ್ನೂ ಕತ್ತರಿಸಬಾರದು. ಪ್ರತಿಯಾದ ಮೇಲೂ ಮೂಲ ಕ್ಯಾಸೆಟ್ಟನ್ನು ಸ್ಪೀಕರಿನಿಂದ ದೂರ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ಇಡಬೇಕು; ಡಬ್ಬಿಯ ಮೇಲೆ ಹಾಡಿದವರ ಹೆಸರು, ಊರು, ಗೊತ್ತಿದ್ದರೆ ಇಸವಿ ಬರೆದಿರಬೇಕು.